ಗೊಂಚಲಮ್ಮನ ಶನಿವಾರಗಳು

ಶನಿವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ. ನವೆಂಬರ್ ತಿಂಗಳ ಮೊದಲ ವಾರ, ಅಮೆರಿಕದ ರಾಕ್‌ವಿಲ್‌ನ ನಮ್ಮ ಟೌನ್‌ಹೌಸು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ, ನಾನು ಅಂಕಲ್ ಎಂದು ಕರೆಯುವ ನಮ್ಮ ಹಿರಿಯ ಸ್ನೇಹಿತರು ಕಾರಣ. ಅಡುಗೆಮನೆಯಲ್ಲಿ ನಿಂತು ಕೈಗಡಿಯಾರ ನೋಡಿಕೊಂಡು, "ಈಗ ನಾಲ್ಕೂ ಹತ್ತು. ಇಪ್ಪತ್ತಕ್ಕೆ ಪಫ್ ಓವನ್ ಒಳಗೆ, ನಲವತ್ತಕ್ಕೆ ಹೊಟ್ಟೆ ಒಳಗೆ" ಎಂದು ಕೂಗಿ ಹೇಳಿದರು. ಓವನ್ನಿನ ಗುಂಡಿಯನ್ನು ನಾನೂರು ಡಿಗ್ರಿಗೆ ತಿರುಗಿಸಿ ಬಂದು ಸೋಫಾದಲ್ಲಿ ಕೂತರು. ಬಾಗಿಲು ತೆಗೆದು ನೋಡಲಿಲ್ಲ. ಮೂವತ್ತು ವರ್ಷದಿಂದ ಅಮೆರಿಕದಲ್ಲಿದ್ದ ಡಾಕ್ಟರು ಅವರು. ಓವನ್ನಿನೊಳಗೆ ಗಾಳಿಯಲ್ಲದೆ ಬೇರೇನಾದರೂ ಇರಬಹುದು ಎಂಬುದು ಅವರ ತಲೆಗೇ ಬರಲಿಲ್ಲ.

ನಮ್ಮಲ್ಲಿ ಓವನ್ ಎಂದರೆ ಬೀರು. ನಾನೂ ನನ್ನ ಹೆಂಡತಿಯೂ ಆ ಮನೆಗೆ ಬಂದು ಎರಡು ವರ್ಷವಾಗಿದ್ದರೂ ಅದರಲ್ಲಿ ಏನನ್ನೂ ಬೇಯಿಸಿರಲಿಲ್ಲ. ಆವತ್ತು ಅದರ ಕೆಳಗಿನ ಅಂತಸ್ತಿನಲ್ಲಿ ದೀಪಾವಳಿಯ ಕೋಡುಬಳೆ ಕರಿದು ಉಳಿದ ಎಣ್ಣೆಯ ಸಮೇತ ಬಾಣಲೆ ಇತ್ತು. ಮೇಲಿನ ಅಂತಸ್ತಿನಲ್ಲಿ, ಐಸ್‌ಕ್ರೀಮಿನ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ದೋಸೆ ಹಿಟ್ಟು. ಚಳಿ ಶುರುವಾದರೆ ಹಿಟ್ಟು ಉಬ್ಬುವುದಿಲ್ಲವೆಂದು ಇಲ್ಲಿ ನಮ್ಮವರೆಲ್ಲ ಮಾಡುವ ಉಪಾಯ ಅದು: ಹಿಟ್ಟನ್ನು ಓವನ್ನಿನಲ್ಲಿಟ್ಟು ಒಳಗಿನ ದೀಪವನ್ನಷ್ಟೇ ಹಚ್ಚಿಡುವುದು. ಬಲ್ಬಿನ ಬಿಸಿ ಸಾಕು. ನಮ್ಮತ್ತೆ ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ ಡಬ್ಬಕ್ಕೆ ನನ್ನ ಹಳೆಯ ಸ್ವೆಟರ್ ತೊಡಿಸಿದ್ದರು. ದೀಪ ಉರಿಯುತ್ತಿದ್ದುದನ್ನು ಅಂಕಲ್ ಕಂಡಿದ್ದರಂತೆ. ತಾವು ಗುಂಡಿ ತಿರುಗಿಸಿದ್ದರಿಂದಲೇ ಹತ್ತಿತು ಎಂದುಕೊಂಡರಂತೆ.

ಹೊಗೆ ಬಂದರೆ ಕೂಗಿಕೊಳ್ಳಲಿಕ್ಕೆ ಅಡುಗೆಮನೆಯ ಚಾವಣಿಯಲ್ಲಿ ಅಲಾರ್ಮ್ ಇತ್ತು. ಅದರ ಬಾಯಿ ಕಟ್ಟಿದವನು ನಾನು. ಅತ್ತೆ ಜೂನ್‌ನಲ್ಲಿ ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಎರಡನೆಯ ದಿನ ಸಾರಿಗೆ ಒಗ್ಗರಣೆ ಹಾಕಿದಾಗ ಅದು ಬೊಬ್ಬಿಟ್ಟಿತು. "ಇದೇನು, ಒಗ್ಗರಣೆ ಹಾಕಿದ್ರೆ ಈ ಊರಲ್ಲಿ ಪೊಲೀಸ್ನೋರು ಬರ್ತಾರಾ?" ಎಂದು ಅತ್ತೆ ಸೌಟು ಹಿಡಿದುಕೊಂಡೇ ಹೆದರಿ ನಿಂತಿದ್ದರು. ನಾನು ಕುರ್ಚಿ ಹತ್ತಿ, ಯಾವುದೋ ಹೋಟೆಲಿನಿಂದ ತಂದಿದ್ದ ಶವರ್ ಕ್ಯಾಪನ್ನು ಅದಕ್ಕೆ ಬಿಗಿದೆ. ಒಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಕೆಮಿಸ್ಟ್ ನಾನು. ಬೆಂಕಿ ನಂದಿಸುವ ತರಬೇತಿ ಪಡೆದ ಸರ್ಟಿಫಿಕೇಟು ನನ್ನ ಮೇಜಿನ ಮುಂದಿನ ಗೋಡೆಯ ಮೇಲೆ ತೂಗುತ್ತಿತ್ತು.

ಐದು ತಿಂಗಳ ಮಗಳು ಮಹಡಿಯ ಮೇಲೆ ತೊಟ್ಟಿಲಲ್ಲಿ ಮಲಗಿದ್ದಳು. ಹೆಂಡತಿ ಆಸ್ಪತ್ರೆಯಲ್ಲಿ, ಅವಳು ರೆಸಿಡೆಂಟ್ ಡಾಕ್ಟರ್, ಶನಿವಾರ ಹೋದರೆ ಭಾನುವಾರ ಬೆಳಿಗ್ಗೆಯೇ ಬರುವುದು. ಕೆಳಗೆ ನಾವು ಮೂವರು ಗೊಂಚಲಮ್ಮನನ್ನು ನೋಡುತ್ತಿದ್ದೆವು.

ಗೊಂಚಲಮ್ಮ ಎಂದು ಹೆಸರಿಟ್ಟದ್ದು ಅತ್ತೆ. ಇಲ್ಲಿನ ಸಾರ್ವಜನಿಕ ಟೆಲಿವಿಷನ್ನಿನಲ್ಲಿ ಭಾನುವಾರ ರಾತ್ರಿ ಬರುತ್ತಿದ್ದ ಒಂದು ಬ್ರಿಟಿಷ್ ಧಾರಾವಾಹಿಯಲ್ಲಿ ಆಕೆ ದೊಡ್ಡ ಬಂಗಲೆಯೊಂದರ ಮನೆವಾರ್ತೆ ನೋಡಿಕೊಳ್ಳುವವಳು. ಕಪ್ಪು ಉಡುಪು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಐವತ್ತರ ಸುಮಾರಿನ ವೇಲ್ಸ್ ದೇಶದ ನಟಿ. ಅಂಕಲ್ ಅದನ್ನು ಟೇಪ್ ಮಾಡಿಕೊಂಡು, ಪ್ರತಿ ಶನಿವಾರ ಎಲಿಕಾಟ್ ಸಿಟಿಯಿಂದ ಕಾರು ಓಡಿಸಿಕೊಂಡು ಬರುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಶನಿವಾರಗಳು ಬಲು ಉದ್ದವಾಗಿದ್ದವು. ಅಮೆರಿಕಕ್ಕೆ ಬರುವ ಮೊದಲು ಎರಡು ವರ್ಷ ವೇಲ್ಸ್‌ನ ಆಸ್ಪತ್ರೆಯೊಂದರಲ್ಲಿ ಇದ್ದವರಾದ್ದರಿಂದ ಆ ನಟಿ ತಮ್ಮ ಊರಿನವಳು ಎಂಬ ಅಭಿಮಾನ ಬೇರೆ.

"ಅವಳು ಇಂಗ್ಲಿಷ್‌ನವಳಲ್ಲ, ತಿಳ್ಕೊಳ್ಳಿ. ಅವರ ಭಾಷೆನೇ ಬೇರೆ. ನನಗೆ ಬರ್ತಿತ್ತು. ಅವಳನ್ನ ನಾನು ಬಸ್ಸಲ್ಲಿ ನೋಡಿದೀನಿ ಅಂತ ನನಗೆ ಅನುಮಾನ."

"ಬಸ್ಸಲ್ಲಿ ಅವಳು ನಿಮ್ಮನ್ನ ನೋಡಿದ್ಲಾ ಡಾಕ್ಟ್ರೇ?" ಅತ್ತೆ ಬಟಾಣಿ ಸುಲಿಯುತ್ತ ಕೇಳುತ್ತಿದ್ದರು.

ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮೊದಲೆರಡು ವಾರ ಅಂಕಲ್ ಪ್ರತಿ ಮಾತಿಗೂ ಅರ್ಥ ಹೇಳಿದರು; ಅವರ ಅರ್ಥವಿವರಣೆಯಲ್ಲಿ ಮುಂದಿನ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಮೂರನೆಯ ವಾರ ಅತ್ತೆ, "ನೀವು ಸುಮ್ನೆ ಕೂತ್ಕೊಳ್ಳಿ, ಅವಳ ಮುಖ ನೋಡಿದ್ರೆ ನನಗೆ ಗೊತ್ತಾಗತ್ತೆ" ಎಂದುಬಿಟ್ಟರು. ನಿಜವಾಗಿ ಗೊತ್ತಾಗುತ್ತಿತ್ತು. ಒಮ್ಮೆ ಆ ನಟಿ ಮೇಜಿನ ಮೇಲೆ ತಟ್ಟೆಗಳನ್ನು ಜೋಡಿಸುತ್ತ, ಪಕ್ಕದಲ್ಲಿ ನಿಂತ ಕೆಲಸದ ಹುಡುಗಿಯನ್ನು ಒಂದು ಸಲ ನೋಡಿ, ಮುಂದಿನ ತಟ್ಟೆಯನ್ನು ಸ್ವಲ್ಪ ನಿಧಾನವಾಗಿ ಇಟ್ಟಳು. ಅಷ್ಟೇ. ಮಾತಿಲ್ಲ. "ಆ ಹುಡುಗಿ ಬಸುರಿ. ಗೊಂಚಲಮ್ಮಂಗೆ ಗೊತ್ತಾಯ್ತು" ಎಂದರು ಅತ್ತೆ. ಅಂಕಲ್ ನಕ್ಕರು. ಕಥೆಯೊಳಗಿನ ಇತರರಿಗೆ ಅದು ಗೊತ್ತಾಗಲು ಎರಡು ವಾರ ಹಿಡಿಯಿತು. ಆಮೇಲೆ ಅಂಕಲ್ ನಗಲಿಲ್ಲ. ಮುಂದೇನಾಗುತ್ತದೆ ಎಂದು ಅತ್ತೆಯನ್ನೇ ಕೇಳತೊಡಗಿದರು.

ಆ ಶನಿವಾರದ್ದು ಕೊನೆಯ ಕಂತು. ಅಂಕಲ್ ಪಫ್ ತಂದದ್ದು ಅದಕ್ಕಾಗಿಯೇ. ಕಥೆಯಲ್ಲಿ ಬಂಗಲೆಯ ಹುಲ್ಲಿನ ಕೊಟ್ಟಿಗೆಗೆ ಬೆಂಕಿ ಬಿದ್ದಿತ್ತು. ಕುದುರೆಗಳು ಕೆನೆಯುತ್ತಿದ್ದವು, ಜನ ಬಕೆಟ್ ಹಿಡಿದು ಓಡುತ್ತಿದ್ದರು.

"ಏನ್ ಫೋಟೋಗ್ರಫಿ ಕಣಯ್ಯಾ! ಹೊಗೆ ವಾಸನೆ ಇಲ್ಲೀವರೆಗೂ ಬರ್ತಿದೆ" ಎಂದರು ಅಂಕಲ್, ಕಣ್ಣು ಕೀಳದೆ.

ನಾನೂ ಹೌದೆಂದು ತಲೆಯಾಡಿಸಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಒಬ್ಬ ಡಾಕ್ಟರು, ಒಬ್ಬ ಕೆಮಿಸ್ಟು, ಇಬ್ಬರೂ ಮೂಗನ್ನು ನಂಬದೆ ಫೋಟೋಗ್ರಫಿಯನ್ನು ಹೊಗಳುತ್ತ ಕೂತಿದ್ದೆವು.

ಅತ್ತೆ ಮೂಗು ಎತ್ತಿದರು. "ಡಾಕ್ಟ್ರೇ, ಹುಲ್ಲು ಸುಟ್ರೆ ಪ್ಲಾಸ್ಟಿಕ್ ವಾಸನೆ ಬರತ್ತಾ?"

ತಿರುಗಿ ನೋಡಿದರೆ ಅಡುಗೆಮನೆಯ ಚಾವಣಿ ಕಾಣಿಸುತ್ತಿರಲಿಲ್ಲ. ಕಪ್ಪು ಹೊಗೆ ಬಾಗಿಲಿನ ಮೇಲಂಚಿನಿಂದ ಹೊರಬಿದ್ದು, ಪಕ್ಕದಲ್ಲೇ ಇದ್ದ ಮಹಡಿಯ ಮೆಟ್ಟಿಲುಗಳ ಕಡೆಗೆ, ತಲೆಕೆಳಗಾದ ಹಳ್ಳದ ಹಾಗೆ, ಮೇಲಕ್ಕೆ ಹರಿಯುತ್ತಿತ್ತು. ಓವನ್ನಿನ ಗಾಜು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಡಬ್ಬ ಕರಗಿ ಕೆಳಗಿನ ಕಾಯಿಲ್ ಮೇಲೆ ತೊಟ್ಟಿಕ್ಕಿ ಹೊತ್ತಿಕೊಂಡು, ಅದು ಬಾಣಲೆಯ ಎಣ್ಣೆಗೂ ಹಬ್ಬಿತ್ತು. ಅಂಕಲ್ ಓಡಿಹೋಗಿ ಮಾಡಬಾರದ ಕೆಲಸವನ್ನೇ ಮಾಡಿದರು: ಬಾಗಿಲು ತೆಗೆದರು. ಬೆಂಕಿ ನಾಲಿಗೆ ಚಾಚಿ ಅವರ ಎಡ ಹುಬ್ಬನ್ನು ಒಯ್ದಿತು. ಅವರು ಬಾಗಿಲನ್ನು ಒದ್ದು ಮುಚ್ಚಿ ಗುಂಡಿ ಆರಿಸಿದರು.

ನಾನು ಮೆಟ್ಟಿಲ ಬುಡದಲ್ಲಿದ್ದೆ. ಮಗು ಮೇಲಿದೆ ಎಂಬುದು ಗೊತ್ತಿತ್ತು. ಕಾಲು ಏಳಲಿಲ್ಲ. ತಲೆ ಮಾತ್ರ ಹಿಂದಕ್ಕೆ ತಿರುಗಿತು. ಯಾಕೆ ತಿರುಗಿತೋ ತಿಳಿಯದು. ಟಿವಿಯಲ್ಲಿ ಆ ನಟಿಯ ಮುಖ ಪರದೆ ತುಂಬ ಇತ್ತು. ಅವಳೂ ಬೆಂಕಿಯನ್ನು ನೋಡುತ್ತ ನಿಂತಿದ್ದಳು. ನಾನು ಅವಳನ್ನು ನೋಡುತ್ತ ನಿಂತೆ.

"ಏ! ಮಗು ಮೇಲಿದೆ ಕಣೋ! ಏನೋ ಹಾಗೆ ನಿಂತಿದೀಯ, ದಾರಿ ಬಿಡೋ!"

ಅತ್ತೆ ನನ್ನನ್ನು ಪಕ್ಕಕ್ಕೆ ತಳ್ಳಿ, ಸೀರೆ ಎತ್ತಿ ಸಿಕ್ಕಿಸಿ, ಮೆಟ್ಟಿಲು ಹತ್ತಿದರು. ಮಂಡಿನೋವಿನವರು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಹತ್ತುವವರು. ಅವರ ಬೆನ್ನು ಹೊಗೆಯೊಳಗೆ ಸೇರಿಹೋಯಿತು. ನನ್ನ ನೆನಪು ಅಲ್ಲಿಗೆ ಕಡಿದುಹೋಗುತ್ತದೆ. ಆಮೇಲಿನದು, ನಾವೆಲ್ಲ ಹೊರಗೆ ಹುಲ್ಲಿನ ಮೇಲೆ ಚಳಿಯಲ್ಲಿ ನಿಂತಿರುವುದು, ಮಗಳು ಅಂಕಲ್ ಕೋಟಿನೊಳಗಿಂದ ಕೆಂಪು ಲಾರಿಯ ದೀಪಗಳನ್ನು ನೋಡಿ ಕಾಲು ಬಡಿಯುತ್ತಿರುವುದು.

ಬೆಂಕಿ ಅಡುಗೆಮನೆ ದಾಟಿ ಬರಲಿಲ್ಲ. ಅಗ್ನಿಶಾಮಕದವರು ಡಬ್ಬ, ಹಿಟ್ಟು, ಸ್ವೆಟರ್ ಮೂರೂ ಸೇರಿ ಆದ ಕಪ್ಪು ಮುದ್ದೆಯನ್ನು ಇಕ್ಕಳದಲ್ಲಿ ಹಿಡಿದು ತಂದು, ಇದೇನು ಎಂದು ಕೇಳಿದರು. ಒಂದೇ ಹುಬ್ಬಿನ ಅಂಕಲ್ ಗಂಭೀರವಾಗಿ, "ನಾಳೆ ಬೆಳಗಿನ ತಿಂಡಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಅವರಲ್ಲೊಬ್ಬ ಮಸಿ ಹಿಡಿದ ಶವರ್ ಕ್ಯಾಪನ್ನು ಎರಡು ಬೆರಳಲ್ಲಿ ಹಿಡಿದು ತಂದ. ಅದನ್ನು ನನ್ನ ಕೈಯಲ್ಲಿಟ್ಟು ಹೋದ.

ಎರಡು ವಾರ ಗೋಡೆ ತೊಳೆದೆವು. ಅಂಕಲ್ ದಿನವೂ ಬಂದು ಸ್ಪಾಂಜು ಹಿಡಿದರು. ಅವರೂ ನಾನೂ ತಪ್ಪು ಯಾರದೆಂದು ಜಗಳವಾಡುತ್ತ ಉಜ್ಜುತ್ತಿದ್ದೆವು.

"ಮೂವತ್ತು ವರ್ಷ ಈ ದೇಶದಲ್ಲಿದ್ದು ಓವನ್ ಒಳಗೆ ನೋಡ್ದೆ ಆನ್ ಮಾಡ್ತೀರಲ್ಲಾ ಅಂಕಲ್!"

"ಮೂವತ್ತು ವರ್ಷದಲ್ಲಿ ದೋಸೆ ಹಿಟ್ಟಿಗೆ ಸ್ವೆಟರ್ ಹಾಕಿ ಓವನ್ನಲ್ಲಿ ಮಲಗಿಸೋರ ಮನೆಗೆ ನಾನು ಇದೇ ಮೊದಲು ಬಂದಿದ್ದು ಕಣಯ್ಯಾ!"

ಅತ್ತೆಗೆ ಬೆಂಕಿಗಿಂತ ಬೇರೆಯದೇ ಚಿಂತೆ. ಅಳಿಯನ ಎದುರು ಕುರ್ಚಿಯ ಮೇಲೆ ಕೂರಲಿಕ್ಕೂ ಸಂಕೋಚಪಡುತ್ತಿದ್ದವರು ಅವರು. ಅಂಥವರು ನನ್ನನ್ನು ತಳ್ಳಿ, ಬೈದಿದ್ದರು. ಮರುದಿನ ನನ್ನ ಹೆಂಡತಿಯ ಹತ್ತಿರ, "ನಾನು ಅವರಿಗೆ ಏನೇನೋ ಅಂದ್ಬಿಟ್ಟೆ ಕಣೇ, ಹೇಗೆ ಮುಖ ತೋರಿಸ್ಲಿ?" ಎಂದು ಅತ್ತರಂತೆ. ಆ ಮಾತು ತಿಳಿದ ಮೇಲೆ ಅಂಕಲ್ ಮನೆಗೆ ಬಂದಾಗಲೆಲ್ಲ ಬಾಗಿಲಲ್ಲೇ, "ಏನಮ್ಮಾ, ಇವತ್ತು ಅಳಿಯಂದಿರನ್ನ ಎಷ್ಟು ಸಲ ತಳ್ಳಿದ್ರಿ?" ಎಂದು ಕೇಳುತ್ತಿದ್ದರು.

ನಾನೂ ನಗುತ್ತಿದ್ದೆ. ರಾತ್ರಿ ಮಾತ್ರ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ಮೆಟ್ಟಿಲ ಬುಡ. ಒಂದು ರಾತ್ರಿಯಲ್ಲಿ ಮೂರು ನಾಲ್ಕು ಸಲ ಎದ್ದು ಹೊಸ ಒಲೆ ತಣ್ಣಗಿದೆಯೇ ಎಂದು ಮುಟ್ಟಿ ಬರುತ್ತಿದ್ದೆ, ಮಗಳ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಡ್ಯೂಟಿಯ ದಣಿವಿನಲ್ಲಿ ಹೆಂಡತಿಗೆ ಎಚ್ಚರವಾಗುತ್ತಿರಲಿಲ್ಲ. ಅತ್ತೆಗೆ ಇಲ್ಲಿರಲು ಕೊಟ್ಟಿದ್ದ ಆರು ತಿಂಗಳು ಡಿಸೆಂಬರ್ ಮೊದಲ ವಾರ ಮುಗಿಯುತ್ತಿತ್ತು. ಜನವರಿಯಲ್ಲಿ ಕಿರಿಯ ಮಗಳ ಮದುವೆ, ನಿಲ್ಲುವ ಹಾಗಿರಲಿಲ್ಲ. ಅವರು ಹೋದ ಮೇಲೆ ಶನಿವಾರ ಹಗಲೂ ರಾತ್ರಿಯೂ ಮನೆಯಲ್ಲಿ ಮಗಳ ಜೊತೆ ನಾನೊಬ್ಬನೇ. ಬೆಂಕಿ ಕಂಡಾಗ ಟಿವಿ ನೋಡುತ್ತ ನಿಂತ ಮನುಷ್ಯನ ಕೈಗೆ ಮಗುವನ್ನು ಒಪ್ಪಿಸಿ ಎಲ್ಲರೂ ಹೋಗುತ್ತಾರೆ ಎಂಬುದು ನನ್ನ ಭಯ. ಅದನ್ನು ಯಾರಿಗೂ ಹೇಳಲಿಲ್ಲ.

ಲೈಬ್ರರಿಗೆ ಹೋದದ್ದು ಆ ಭಯದಿಂದಲೇ. ಮಸಿ ತುಂಬಿದ ವಿಸಿಆರ್ ಕೊನೆಯ ಕಂತಿನ ಟೇಪಿನ ಸಮೇತ ಕಸಕ್ಕೆ ಹೋಗಿತ್ತು. ಆ ಮುಖ ಮಾತ್ರ ನನ್ನ ಕಣ್ಣೊಳಗೆ ನಿಂತುಬಿಟ್ಟಿತ್ತು, ಮುಂದಕ್ಕೆ ಸರಿಯುತ್ತಿರಲಿಲ್ಲ. ಅದೇ ಮುಖ ಬೇರೆ ಏನಾದರೂ ಮಾಡುವುದನ್ನು ನೋಡಿದರೆ ಅದು ಕದಲೀತು ಎಂದುಕೊಂಡೆ. ಕೌಂಟಿ ಲೈಬ್ರರಿಯ ಮಹಿಳೆಗೆ ಆ ನಟಿಯ ಹೆಸರು ಬರೆದುಕೊಟ್ಟೆ. ಆಕೆ ಬೇರೆ ಊರುಗಳ ಲೈಬ್ರರಿಗಳಿಂದಲೂ ತರಿಸಿ ಕ್ಯಾಸೆಟ್ಟುಗಳ ಗೋಪುರವನ್ನೇ ಕಟ್ಟಿಟ್ಟಳು. ಅಂಕಲ್ ತಮ್ಮ ಮನೆಯ ವಿಸಿಆರ್ ತಂದು ಜೋಡಿಸಿದರು.

"ಮತ್ತೆ ಅವಳನ್ನ ತಂದ್ರಾ? ಅವಳನ್ನ ನೋಡ್ತಾ ಕೂತೇ ಮಗು ಮರೆತದ್ದು" ಎಂದು ಅತ್ತೆ ಅಡುಗೆಮನೆಗೆ ಹೋದರು. ಹತ್ತು ನಿಮಿಷಕ್ಕೆ ಬಾಗಿಲ ಹತ್ತಿರ ಬಂದು ನಿಂತರು, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು. ಮುಂದಿನ ಶನಿವಾರದಿಂದ ಮಗಳು ಮಲಗುವುದೂ ಟಿವಿ ಮುಂದೆ, ಅತ್ತೆಯ ತೊಡೆಯ ಮೇಲೆಯೇ ಎಂಬ ಹೊಸ ಕಾನೂನು ಬಂತು. ಅಂಕಲ್ ಕೈಯಲ್ಲಿ ತಿಂಡಿಯ ಪೊಟ್ಟಣ ಕಂಡರೆ ಅತ್ತೆ, "ಬಿಸಿ ಮಾಡೋದು ಬೇಡ, ತಣ್ಣಗೇ ಚೆನ್ನಾಗಿರತ್ತೆ" ಎನ್ನುತ್ತಿದ್ದರು.

ಎಷ್ಟು ಬಗೆಯಲ್ಲಿ ಕಂಡಳು ಆಕೆ! ಬಾಡಿಗೆದಾರರ ಚಹಾ ಕಪ್ಪಿಗೆ ಸಕ್ಕರೆ ಎಣಿಸಿ ಹಾಕುವ ಜಿಪುಣಿ, ಅಣ್ಣನ ಮಕ್ಕಳಿಗೆ ವಿಷ ಹಾಕುವ ಅತ್ತೆ ("ನನ್ನ ಕಡೆ ನೋಡ್ಬೇಡಿ" ಎಂದರು ನಮ್ಮತ್ತೆ), ರಾಣಿಯ ಕೂದಲು ಬಾಚುವ ದಾಸಿ. ತಾನು ಇಪ್ಪತ್ತೈದರವಳಿದ್ದಾಗಿನ ಒಂದು ಸಿನಿಮಾದಲ್ಲಿ ನರ್ಸ್ ಆಗಿ ಬಂದು, ಕಿಟಕಿ ಮುಚ್ಚಿ ಹೋಗುವಳು, ಅಷ್ಟೇ ಪಾತ್ರ. ಅಂಕಲ್ ಅದನ್ನು ಆರು ಸಲ ಹಿಂದಕ್ಕೆ ಓಡಿಸಿ ನೋಡಿ, "ಅದು ನಮ್ಮ ಆಸ್ಪತ್ರೆ ಕಿಟಕೀನೇ" ಎಂದು ಸಾಧಿಸಿದರು. ನಾನು ಗಮನಿಸಿದ್ದು ಅವಳ ಕೈಗಳನ್ನು. ಯಾವ ಪಾತ್ರದಲ್ಲೂ ಆ ಕೈಗಳು ಸುಮ್ಮನಿರುತ್ತಿರಲಿಲ್ಲ. ಜಗತ್ತು ಮುಳುಗಿದರೂ ಹಿಡಿದ ಬಟ್ಟೆಯನ್ನು ಮಡಿಸಿಯೇ ಇಡುವವಳು. ಅದು ನನಗೆ ಸಮಾಧಾನ ಕೊಡಲಿಲ್ಲ, ಇನ್ನಷ್ಟು ನಾಚಿಸಿತು.

ನವೆಂಬರಿನ ಕೊನೆಯ ಶನಿವಾರ ಬಂದ ಕ್ಯಾಸೆಟ್ ಅವಳದೇ ಭಾಷೆಯದು, ವೆಲ್ಷ್. ಕೆಳಗೆ ಬರಬೇಕಾದ ಇಂಗ್ಲಿಷ್ ಸಾಲುಗಳು ಆ ಪ್ರತಿಯಲ್ಲಿ ಪರದೆಯ ಅಂಚಿನಾಚೆ ಅರ್ಧ ಕತ್ತರಿಸಿಹೋಗಿದ್ದವು. ಅತ್ತೆಗೆ ಬಲು ಸಂತೋಷವಾಯಿತು. "ಈಗ ನಿಮಗೂ ಅರ್ಥ ಆಗಲ್ಲ. ಎಲ್ರೂ ಒಂದೇ. ಹೇಳಿ ಡಾಕ್ಟ್ರೇ, ನಿಮಗೆ ಬರತ್ತಲ್ಲ?"

ಅಂಕಲ್ ಗಂಟಲು ಸರಿಮಾಡಿಕೊಂಡು ಕಾಲು ಗಂಟೆ ಕಿವಿಗೊಟ್ಟು ಕೂತರು. ಕೊನೆಗೆ ಒಪ್ಪಿಕೊಂಡರು: ಅವರಿಗೆ ಬರುತ್ತಿದ್ದದ್ದು ಎರಡೇ ವಾಕ್ಯ. ಒಂದು, ನಮಸ್ಕಾರ. ಇನ್ನೊಂದು, ಎಲ್ಲಿ ನೋಯುತ್ತಿದೆ. "ಏನ್ ಮಾಡ್ಲಿ, ಈ ಸಿನಿಮಾದಲ್ಲಿ ಯಾರೂ ಯಾರನ್ನೂ ಎಲ್ಲಿ ನೋಯ್ತಿದೆ ಅಂತ ಕೇಳ್ತಾನೇ ಇಲ್ವಲ್ಲ!"

ಅತ್ತೆ ನಕ್ಕು ನಕ್ಕು ಮಗಳನ್ನು ಎಬ್ಬಿಸಿಬಿಟ್ಟರು.

ಕಥೆ ಕಲ್ಲು ಗಣಿಯ ಹಳ್ಳಿಯದು. ಆಕೆ ಮೂವರು ಮಕ್ಕಳ ತಾಯಿ. ಬ್ರೆಡ್ಡಿನ ಹಿಟ್ಟು ನಾದುತ್ತಿರುವಾಗ ಯಾರೋ ಓಡಿಬಂದು ಬಾಗಿಲಲ್ಲಿ ಏನೋ ಹೇಳುತ್ತಾರೆ. ಗಣಿಯಲ್ಲಿ ಬಂಡೆ ಕುಸಿದಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಆಕೆ ನಿಂತುಬಿಡುತ್ತಾಳೆ. ಹಿಟ್ಟಿನ ಕೈಗಳು ಗಾಳಿಯಲ್ಲೇ ನಿಲ್ಲುತ್ತವೆ. ನಿಂತೇ ಇದ್ದಾಳೆ, ನಿಂತೇ ಇದ್ದಾಳೆ. ಅಂಕಲ್ ರಿಮೋಟ್ ಎತ್ತಿಕೊಂಡು, "ಟೇಪ್ ಸಿಕ್ಕಿಹಾಕ್ಕೊಂಡ್ತಾ?" ಎಂದರು.

"ಇಲ್ಲ, ಹಿಂದೆ ಬಟ್ಟೆ ಅಲ್ಲಾಡ್ತಿದೆ" ಎಂದರು ಅತ್ತೆ.

ನಾನು ಎದ್ದು ಹೊರಗೆ ಹೋದೆ. ಹಿಂದಿನ ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಬಾಗಿಲಲ್ಲಿ ನಿಂತರು, ಮಗಳು ಹೆಗಲ ಮೇಲೆ.

"ನೀವು ರಾತ್ರಿ ಮಲಗ್ತಿಲ್ಲ. ನನಗೆ ಗೊತ್ತು. ಆರನೇ ಮೆಟ್ಟಿಲು ಕಿರ್ ಅನ್ನತ್ತೆ" ಎಂದರು.

ಆಗ ಹೇಳಿಬಿಟ್ಟೆ. ನಾನು ನಿಂತುಬಿಟ್ಟೆ ಅತ್ತೆ, ನೀವಿಲ್ಲದಿದ್ದರೆ ಏನಾಗುತ್ತಿತ್ತು, ನೀವು ಹೋದ ಮೇಲೆ ಇನ್ನೊಮ್ಮೆ ಹಾಗಾದರೆ ಏನು ಮಾಡಲಿ, ಎಂದು. ಅವರು ಇಲ್ಲ, ನೀವು ನಿಲ್ಲಲಿಲ್ಲ ಎಂದು ಹೇಳಿಯಾರು ಎಂದುಕೊಂಡಿದ್ದೆ.

"ಹೌದು, ನಿಂತಿದ್ರಿ. ಗರ ಬಡಿದೋರ ಹಾಗೆ ನಿಂತಿದ್ರಿ. ನನಗೆ ಕೋಪ ಬಂತು, ತಳ್ಳಿದೆ. ಆಮೇಲೆ ನೀವು ಬಂದದ್ದನ್ನ ಯಾಕೆ ಹೇಳ್ತಿಲ್ಲ?"

"ಎಲ್ಲಿಗೆ ಬಂದೆ?"

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಮೇಲಕ್ಕೆ. ಮಗು ಎತ್ಕೊಂಡೆ, ತಿರುಗಿದ್ರೆ ಹೊಗೆಯಲ್ಲಿ ಮೆಟ್ಟಿಲೇ ಕಾಣ್ಲಿಲ್ಲ. ಇಳಿಯೋಕೆ ನನ್ನ ಮಂಡಿ ಬಗ್ಗಲ್ಲ, ನಿಮಗೆ ಗೊತ್ತು. ಮಗೂನ ಇಟ್ಕೊಂಡು ಅಲ್ಲೇ ಕೂತ್ಬಿಟ್ಟೆ. ನೀವು ಬಂದು ಮಗೂನ ಕಿತ್ಕೊಂಡ್ರಿ, ನನ್ನ ರೆಟ್ಟೆ ಹಿಡಿದು ಎಳ್ಕೊಂಡು ಬಂದ್ರಿ. ಒಂದು ವಾರ ನೀಲಿಗಟ್ಟಿತ್ತು ಇಲ್ಲಿ."

ರವಿಕೆಯ ತೋಳಿನ ಕೆಳಗೆ ತೋರಿಸಿದರು. ಈಗ ಅಲ್ಲಿ ಏನೂ ಇರಲಿಲ್ಲ. ನನಗೆ ಅದರಲ್ಲಿ ಒಂದು ಚೂರೂ ನೆನಪಿರಲಿಲ್ಲ, ಇವತ್ತಿಗೂ ಇಲ್ಲ. ಒಳಗಿದ್ದ ಅಂಕಲ್‌ರನ್ನು ಕೇಳಿದೆ. "ಮತ್ತೆ ಮಗೂನ ನನ್ನ ಕೋಟಿಗೆ ಹಾಕಿದ್ದು ಯಾರು, ಫೈರ್ ಡಿಪಾರ್ಟ್‌ಮೆಂಟಾ?" ಎಂದರು, ಪರದೆಯಿಂದ ಕಣ್ಣು ತೆಗೆಯದೆ. "ಬಾರಯ್ಯ, ಅವಳು ಓಡ್ತಿದಾಳೆ."

ಹೋಗಿ ಕೂತೆ. ಹೌದು, ಆಕೆ ಓಡುತ್ತಿದ್ದಳು, ಹಿಟ್ಟಿನ ಕೈಯಲ್ಲೇ.

ಅದರಿಂದ ಆ ರಾತ್ರಿಯೇ ನಿದ್ದೆ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಎರಡು ಸಲ ಏಳುತ್ತಿದ್ದೆ, ನಾಲ್ಕರ ಬದಲು. ಕಣ್ಣು ಮುಚ್ಚಿದರೆ ಮೆಟ್ಟಿಲ ಬುಡವೇ ಕಾಣುತ್ತಿತ್ತು. ಹತ್ತಿದ್ದನ್ನು ಬೇರೆಯವರ ಬಾಯಿಂದ ಕೇಳಿ ನಂಬಬೇಕಾಗಿತ್ತು.

ಡಿಸೆಂಬರಿನಲ್ಲಿ ಅತ್ತೆಯನ್ನು ವಿಮಾನ ಹತ್ತಿಸಿದೆವು. ಹೊರಡುವ ಮೊದಲು ನನಗೆ ಮಗುವಿನ ರಾಗಿ ಸರಿ ಕಾಯಿಸುವುದನ್ನು ಕಲಿಸಿಕೊಟ್ಟರು. ಗಂಟು ಕಟ್ಟಿದಾಗ, "ಹೀಗಾ ತಿರುಗಿಸೋದು, ಬಿಡಿ ಈಕಡೆ!" ಎಂದು ಮೊಣಕೈಯಿಂದ ತಳ್ಳಿದರು. ತಳ್ಳಿದ್ದು ಅವರ ಗಮನಕ್ಕೇ ಬರಲಿಲ್ಲ.

ಮೊದಲ ಶನಿವಾರ ಹೆಂಡತಿ ಡ್ಯೂಟಿಗೆ ಹೊರಟ ಕೂಡಲೇ ಹೋಗಿ ಒಲೆಯನ್ನು ಎರಡು ಸಲ ಮುಟ್ಟಿ ನೋಡಿದೆ. ಅಂಕಲ್‌ಗೆ ಜ್ವರ, ಬರಲಾಗಲಿಲ್ಲ, ಗಂಟೆಗೊಮ್ಮೆ ಫೋನ್ ಮಾಡಿ, "ಇಬ್ರೂ ಇದ್ದೀರಾ?" ಎಂದು ಕೇಳಿದರು. ಇದ್ದೆವು. ಸರಿ ಕಾಯಿಸಿದೆ, ಗಂಟು ಕಟ್ಟಿತು, ಸೋಸಿದೆ. ಅರ್ಧ ಅವಳ ಹೊಟ್ಟೆಗೆ ಹೋಯಿತು, ಅರ್ಧ ನನ್ನ ಕನ್ನಡಕಕ್ಕೆ. ಸ್ನಾನ ಮಾಡಿಸುವಾಗ ಇಬ್ಬರೂ ನೆನೆದೆವು. ಸಂಜೆ ಅವಳಿಗೆ ಯಾಕೋ ಅಳು ಹತ್ತಿತು. ಎತ್ತಿಕೊಂಡು ಮನೆಯೆಲ್ಲ ಸುತ್ತಿದೆ, ಮೆಟ್ಟಿಲು ಹತ್ತಿ ಇಳಿದು ಹತ್ತಿ ಇಳಿದು. ಹತ್ತುವಾಗ ಸುಮ್ಮನಾಗುತ್ತಿದ್ದಳು, ನಿಂತರೆ ಅಳು. ಹಾಗಾಗಿ ನಿಲ್ಲಲಿಲ್ಲ. ಎಷ್ಟು ಸಲ ಹತ್ತಿದೆನೋ, ತೊಡೆಗಳು ಸೋತುಹೋದವು. ಕೊನೆಗೆ ಅವಳು ಭುಜದ ಮೇಲೆ ಭಾರವಾದಳು. ತೊಟ್ಟಿಲಿಗೆ ಹಾಕಿ, ಪಕ್ಕದ ಚಾಪೆಯ ಮೇಲೆ ಒಂದು ನಿಮಿಷ ಬೆನ್ನು ಚಾಚೋಣ ಎಂದು ಮಲಗಿದೆ.

ಕಣ್ಣು ಬಿಟ್ಟಾಗ ಕೋಣೆ ತುಂಬ ಬಿಸಿಲು. ಹೆಂಡತಿ ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಮಗಳು ಎಷ್ಟು ಹೊತ್ತಿನ ಹಿಂದೆ ಎದ್ದಿದ್ದಳೋ, ತೊಟ್ಟಿಲ ಸರಳುಗಳ ನಡುವಿಂದ ನನ್ನನ್ನೇ ನೋಡುತ್ತ ತನ್ನ ಕಾಲಿನ ಹೆಬ್ಬೆರಳು ಚೀಪುತ್ತಿದ್ದಳು.

"ರಾತ್ರಿ ಎದ್ದಿದ್ಲಾ?" ಎಂದು ಕೇಳಿದಳು ಹೆಂಡತಿ.

"ಗೊತ್ತಿಲ್ಲ" ಎಂದೆ. ಅದು ಭಾನುವಾರ.